ತುಕ್ಕು ಬಿಡಿಸಿದ ಅಳಿಯ

"ತುಕ್ಕು ಅನ್ನೋದು ಕಬ್ಬಿಣಕ್ಕೆ ಬಂದಿರೋ ನಿದ್ದೆ ಅಷ್ಟೇ ಕಣೇ. ಅದನ್ನ ಎಬ್ಬಿಸೋ ಕೈ ಬೇಕು," ಎಂದು ಒಂದು ಭಾನುವಾರ ಘೋಷಿಸಿದೆ.

"ಮೊದಲು ನೀವು ಹಾಸಿಗೆ ಬಿಟ್ಟು ಏಳಿ. ಬಿಸಿಲು ಹೊಟ್ಟೆ ಮೇಲೆ ಬಂತು," ಎಂದಳು ಹೆಂಡತಿ.

ಮಹತ್ಕಾರ್ಯಗಳಿಗೆ ಆರಂಭದಲ್ಲಿ ಇಂಥ ಸ್ವಾಗತವೇ ಸಿಗುವುದು ಎಂದು ಸಮಾಧಾನ ಮಾಡಿಕೊಂಡು ಎದ್ದೆ. ವಿಮಾ ಕಚೇರಿಯಲ್ಲಿ ಕೂತು ಕಂಡವರ ನಷ್ಟಕ್ಕೆಲ್ಲ ಬೆಲೆ ಕಟ್ಟುವುದು ನನ್ನ ಉದ್ಯೋಗ. ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮು, ಮೋರಿಗೆ ಮಗುಚಿದ ವ್ಯಾನು, ಇವನ್ನೇ ನೋಡಿ ತಲೆ ನರೆಸಿಕೊಂಡವನಿಗೆ ತನ್ನದೇ ಒಂದು ಲಾಭ ನೋಡುವ ಆಸೆ ಹುಟ್ಟಿದರೆ ತಪ್ಪೇ? ಬಾಗಿಲು ಮುಚ್ಚಿದ ವರ್ಕ್‌ಶಾಪುಗಳಲ್ಲಿ ಅಜ್ಜನ ಕಾಲದ ಯಂತ್ರಗಳು ಗುಜರಿಯ ಲೆಕ್ಕದಲ್ಲಿ ಸಿಗುತ್ತವೆ. ಉಜ್ಜಿ, ಎಣ್ಣೆ ಬಿಟ್ಟು, ತಿರುಗುವಂತೆ ಮಾಡಿ, ಹಸಿರು ಬಣ್ಣ ಬಳಿದರೆ ಅವೇ ಅಪೂರ್ವ ವಸ್ತುಗಳು! ಷೋಕಿಯವರು ಕಣ್ಣಿಗೊತ್ತಿಕೊಂಡು ಕೊಳ್ಳುತ್ತಾರೆ.

ಯಂತ್ರಕ್ಕೆ ಜಾಗ ಬೇಕಲ್ಲ? ಇತ್ತು, ಹಿತ್ತಿಲಲ್ಲಿ ತಗಡಿನ ಶೆಡ್ಡು. ಆದರೆ ಮನೆ ಮಾವನದು. ಕೆಳಗೆ ಮಾವ, ಮೇಲೆ ನಾವು, ಶೆಡ್ಡಿನ ಬೀಗದ ಕೈ ಮಾವನ ಸೊಂಟದಲ್ಲಿ. ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಜೀವಮಾನವಿಡೀ ಹುಡುಗರ ಗೆರೆ ತಿದ್ದಿದವರು. ಗೋಡೆಯ ಕ್ಯಾಲೆಂಡರು ಕೂದಲೆಳೆಯಷ್ಟು ವಾಲಿದರೂ ಅವರಿಗೆ ಊಟ ಸೇರುವುದಿಲ್ಲ. ಅಳಿಯನನ್ನೂ ಅವರು ಯಾವತ್ತೂ ಸ್ವಲ್ಪ ವಾಲಿದ ಕ್ಯಾಲೆಂಡರಿನಂತೆಯೇ ನೋಡುತ್ತ ಬಂದಿದ್ದಾರೆ.

ಶೆಡ್ಡು ಕೇಳಿದೆ. ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು.

"ಒಂದೇ ಒಂದು ಯಂತ್ರ ನಿಮ್ಮ ಕೈಯಲ್ಲಿ ಕದಲಲಿ, ಅಳಿಯಂದ್ರೇ. ಅವತ್ತೇ ಬೀಗದ ಕೈ ನಿಮ್ಮದು."

ಅಂದಿನಿಂದ ಶೆಡ್ಡು ಬರೀ ಶೆಡ್ಡಾಗಿ ಉಳಿಯಲಿಲ್ಲ. ನನ್ನ ಮಾನ ಅದರೊಳಗೆ ಬೀಗ ಹಾಕಿಸಿಕೊಂಡು ಕೂತಿತು.

ಮೊದಲು ತಂದದ್ದು ಲಾರಿ ಎತ್ತುವ ಒಂದು ಸ್ಕ್ರೂ ಜಾಕು. ಗಂಟೆಯಾಕಾರದ ಎರಕದ ಮೈ, ನಡುವೆ ನನ್ನ ತೋಳಿನಷ್ಟು ದಪ್ಪದ ತಿರುಪು, ತಿರುಗಿಸಲು ಒಂದು ಹಿಡಿ. ಹಿಡಿ ತಿರುಗಿಸಿದರೆ ತಿರುಪು ಏರಬೇಕು, ಹಿಂದಕ್ಕೆ ತಿರುಗಿಸಿದರೆ ಇಳಿಯಬೇಕು. ಇದೋ, ಯಾವುದೋ ಕಾಲದಲ್ಲಿ ಅರ್ಧ ಏರಿ, ಅಲ್ಲೇ ಮುನಿಸಿಕೊಂಡು ನಿಂತುಬಿಟ್ಟಿತ್ತು. ಸೀಮೆಎಣ್ಣೆ ಸುರಿದೆ. ಎಂಜಿನ್ ಎಣ್ಣೆ ಸುರಿದೆ. ಹೆಂಡತಿಯ ತಲೆಯೆಣ್ಣೆಯನ್ನೂ ಸುರಿದು, ಮದುವೆಯಾದ ಹೊಸದರಲ್ಲಿಯೂ ತನಗೆ ಇಷ್ಟು ಉಪಚಾರ ನಡೆದಿರಲಿಲ್ಲ ಎಂಬ ಮಾತು ಕೇಳಿದೆ. ಸುತ್ತಿಗೆಯಲ್ಲಿ ಬಡಿದೆ. ಹಿಡಿಗೆ ಜೋತುಬಿದ್ದೆ. ಕದಲಿದ್ದು ನನ್ನ ಸೊಂಟ ಮಾತ್ರ! ಎಣ್ಣೆ ಒಳಗಿಳಿಯಲು ಅದರದೇ ಹೊತ್ತು ತಗೊಳ್ಳುತ್ತೆ, ಅವಸರ ಮಾಡಬೇಡಿ ಎಂದು ಗುಜರಿಯವನು ಹೇಳಿದ್ದ. ನನಗೆಲ್ಲಿಯ ತಾಳ್ಮೆ? ಜಾಕನ್ನು ಮೆಟ್ಟಿಲ ಕೆಳಗೆ ತಳ್ಳಿ, ಲೇತಿಗೆ ಕೈಹಾಕಿದೆ.

ಲೇತು ಎಂದರೆ ಕಬ್ಬಿಣದ ತುಂಡನ್ನು ಗಿರಗಿರನೆ ತಿರುಗಿಸುತ್ತ ಕೆತ್ತುವ ಯಂತ್ರ. ಮಲಗಿದ ಎಮ್ಮೆಯಷ್ಟು ಉದ್ದ, ಎದ್ದ ಎಮ್ಮೆಗಿಂತ ಭಾರ. ಶೆಡ್ಡಿಗೆ ಬೀಗ. ಆದ್ದರಿಂದ ಮಾವ ನೆಂಟರ ಮನೆಗೆ ಹೋದ ದಿನ ನೋಡಿ, ಬಿಡಿಬಿಡಿಯಾಗಿ ಬಿಚ್ಚಿಸಿ, ಮಹಡಿಯ ನಮ್ಮ ನಡುಮನೆಗೇ ಏರಿಸಿ ಮತ್ತೆ ಜೋಡಿಸಿದೆ. ಹಮಾಲರ ಮುಖಂಡ ಬೆವರು ಒರೆಸಿಕೊಳ್ಳುತ್ತ, ಈ ವಿಷಯ ಕೆಳಗಿನ ತೊಲೆಗೆ ಗೊತ್ತಾ ಎಂದು ಕೇಳಿದ. ತಮಾಷೆಯ ಮನುಷ್ಯ ಎಂದುಕೊಂಡೆ.

ಹಳೇ ಕಾಲದ ಮನೆ. ಮರದ ತೊಲೆಗಳ ಮೇಲೆ ಮಹಡಿ. ಮರುದಿನದಿಂದ ಬೀರುವಿನ ಬಾಗಿಲು ತಾನಾಗಿ ತೆರೆದುಕೊಳ್ಳತೊಡಗಿತು. ಹೆಂಡತಿ ನೆಲ ಒರೆಸಿದರೆ ನೀರೆಲ್ಲ ಲೇತಿನ ಕಡೆಗೆ ಹರಿಯುತ್ತಿತ್ತು. ಅಡುಗೆಮನೆಯಲ್ಲಿ ಕೈಜಾರಿದ ಟೊಮ್ಯಾಟೊ ಹೊಸಿಲು ಹಾರಿ, ಉರುಳಿ ಉರುಳಿ, ಲೇತಿನ ಪಾದಕ್ಕೆ ಶರಣಾಯಿತು.

"ರೀ, ನೆಲ ಬಗ್ಗಿದೆ."

"ವಯಸ್ಸಾದ ಮನೆ ಕಣೇ. ನಡು ಸ್ವಲ್ಪ ಬಗ್ಗುತ್ತೆ."

"ಅಪ್ಪನ ಮುಂದೆ ಇದೇ ಮಾತು ಹೇಳಿ ನೋಡೋಣ."

ಹೇಳುವ ಅಗತ್ಯವೇ ಬರಲಿಲ್ಲ. ಮಾವ ವಾಪಸು ಬಂದು, ಮಧ್ಯಾಹ್ನ ಮಂಚದ ಮೇಲೆ ಅಂಗಾತ ಮಲಗಿ, ಸೂರು ನೋಡಿದರು. ಗೆರೆ ಡೊಂಕು! ಒಂದೇ ಉಸಿರಿಗೆ ಮಹಡಿ ಹತ್ತಿ ಬಂದು, ಲೇತನ್ನು ನೋಡಿದರು, ಮಗಳನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದುರಿನ ಗೋಡೆಗೆ ಹೇಳುವವರಂತೆ, ಇದು ಇಳಿಯಬೇಕು ಎಂದಷ್ಟೇ ಹೇಳಿ ಹೋದರು.

ಇಳಿಸಲು ಹಮಾಲರು ಒಪ್ಪಬೇಕಲ್ಲ? ಮೊದಲು ತೊಲೆಗೆ ಆಸರೆ ಕೊಡಿ, ಇಲ್ಲದಿದ್ದರೆ ಲೇತಿನ ಜೊತೆ ನಾವೂ ಇಳಿಯುತ್ತೇವೆ, ಮೆಟ್ಟಿಲ ಮೇಲಿಂದಲ್ಲ ಎಂದ ಮುಖಂಡ. ಆಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಜಾಕು! ಮಾವನ ಕೋಣೆಯ ನಡುವೆ ಜಾಕು ನಿಲ್ಲಿಸಿ, ಅದರ ತಲೆಯ ಮೇಲೆ ಮರದ ಕಂಬ ಇಟ್ಟು, ಕಂಬಕ್ಕೂ ತೊಲೆಗೂ ನಡುವೆ ಬೆಣೆ ಬಡಿದೆವು. ಸೂರು ಕಿರ್ರೆಂದು ಸುಮ್ಮನಾಯಿತು.

"ಇದು ತಾನಾಗಿ ಇಳಿದುಬಿಡಲ್ಲ ತಾನೇ?" ಎಂದರು ಮಾವ.

"ಮಾವ, ನಾನು ಇದಕ್ಕೆ ಜೋತುಬಿದ್ದವನು. ಪ್ರಳಯವಾದರೂ ಕದಲಲ್ಲ."

ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಅಷ್ಟು ವರ್ಷಗಳಲ್ಲಿ ಮಾವ ನನ್ನ ಯಾವುದಾದರೂ ಕೆಲಸವನ್ನು ನಂಬಿದ್ದರೆ ಅದು ಇದೊಂದೇ, ನನ್ನ ಕೈಲಿ ಆಗದೇ ಹೋದ ಕೆಲಸ! ಜಾಕಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದತೊಡಗಿದರು.

ಹಮಾಲರು ಸೋಮವಾರ ಬರುವುದೆಂದಾಯಿತು. ಅಷ್ಟರಲ್ಲಿ ಶನಿವಾರ ಗಿರಾಕಿಯೊಬ್ಬ ಬಂದ. ಬಿಳೀ ಪ್ಯಾಂಟಿನ, ಮೃದು ಮಾತಿನ ಷೋಕಿಯವ. ಲೇತಿನ ಸುತ್ತ ಪ್ರದಕ್ಷಿಣೆ ಹಾಕಿ, ನಾನು ಆಗಲೇ ಬಳಿದಿದ್ದ ಹಸಿರು ಬಣ್ಣವನ್ನು ಉಗುರಿನಿಂದ ಕೆರೆದು, ನಡೆಯುವ ಯಂತ್ರವಾದರೆ ಇವತ್ತೇ ತನ್ನ ಜನರನ್ನು ಕರೆಸಿ ಎತ್ತಿಸಿಕೊಂಡು ಹೋಗುತ್ತೇನೆ ಎಂದ. ನನ್ನ ಕಣ್ಣ ಮುಂದೆ ಸ್ವರ್ಗದ ಬಾಗಿಲು ತೆರೆಯಿತು. ಅದು ತಗಡಿನದಾಗಿತ್ತು.

"ತಿರುಗೋದು ಒಮ್ಮೆ ನೋಡಬೇಕಲ್ಲ ಸಾರ್," ಎಂದ ಗಿರಾಕಿ.

"ಬೇಡ ರೀ," ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. ಆಗಲಾದರೂ ನಿಲ್ಲಬೇಕಿತ್ತು. ಗಿರಾಕಿಯ ಮುಂದೆ ಹೆಂಡತಿಯ ಮಾತು ಕೇಳುವುದೇ? ಸ್ವಿಚ್ಚು ಒತ್ತಿದೆ.

ಲೇತು ತಿರುಗಲಿಲ್ಲ. ಮೋಟಾರು ಮಾತ್ರ ಗುಂಯ್ ಎಂದಿತು, ಆಮೇಲೆ ಗಡಗಡ ಎಂದಿತು. ಪಾತ್ರೆ ನಡುಗಿದವು, ಕಿಟಕಿ ನಡುಗಿದವು, ಗಿರಾಕಿಯ ಬಿಳೀ ಪ್ಯಾಂಟು ನಡುಗಿತು. ಇನ್ನೊಂದು ಚಣ, ಈಗ ಏಳುತ್ತೆ, ಈಗ ಏಳುತ್ತೆ ಎಂದು ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟೇ ಇದ್ದೆ.

ಆ ಹೊತ್ತಿಗೆ ಕೆಳಗೆ ನಡೆದದ್ದನ್ನು ಮಾವ ಆಮೇಲೆ ಬಹಳ ತಣ್ಣಗೆ ವಿವರಿಸಿದರು. ಸೂರು ಗಡಗಡ ಎಂದಾಗ ಪೇಪರು ಇಳಿಸಿ ನೋಡಿದರಂತೆ. ಜಾಕಿನ ತಿರುಪಿನ ಸಂದಿಯಿಂದ ಒಂದು ಹನಿ ಎಣ್ಣೆ ಜಿನುಗಿತಂತೆ. ಮಗಳ ತಲೆಯೆಣ್ಣೆಯ ಪರಿಮಳವೂ ಬಂತಂತೆ. ಆಮೇಲೆ ಜಾಕಿನ ಹಿಡಿ, ಯಾರೂ ಮುಟ್ಟದೆ, ಗಡಿಯಾರದ ಮುಳ್ಳಿನಂತೆ ಗಂಭೀರವಾಗಿ ತಿರುಗತೊಡಗಿತಂತೆ. ಅವರು ಕುರ್ಚಿ ಸಮೇತ ಬಾಗಿಲಿಗೆ ಹಾರಿದ್ದೇ ತಡ, ಬೆಣೆ ಕಳಚಿತು, ಕಂಬ ಉರುಳಿತು, ಸೂರಿನ ಗಾರೆ ಧೊಪ್ಪೆಂದು ಮಂಚದ ಮೇಲೆ ಬಿತ್ತು. ಮೇಲೆ ನಮ್ಮ ನಡುಮನೆ ಒಂದು ಗೇಣು ಕುಸಿದು ನಿಂತಿತು. ಲೇತಿನ ಪಾದದ ಸುತ್ತ ನೆಲ ಈಗ ಬಾಣಲೆಯಂತಿತ್ತು, ಬಾಣಲೆಯ ತಳದಲ್ಲಿ ನಾನು. ಗಿರಾಕಿ ಕಾಣಲಿಲ್ಲ. ಮೆಟ್ಟಿಲಿಳಿಯುವ ಸದ್ದು ಮಾತ್ರ ಕೇಳಿಸಿತು.

ಮೆಟ್ಟಿಲು ಹತ್ತುವ ಸದ್ದೂ ಕೇಳಿಸಿತು. ತಲೆಯಿಂದ ಕಾಲಿನವರೆಗೆ ಗಾರೆ ಮೆತ್ತಿಕೊಂಡ ಮಾವ, ಸುಣ್ಣ ಬಳಿದ ಪ್ರತಿಮೆಯಂತೆ ಬಾಗಿಲಲ್ಲಿ ನಿಂತರು. ಏನೋ ಹೇಳಹೊರಟೆ. ಕೈಯೆತ್ತಿ ತಡೆದರು. ಸೊಂಟದಿಂದ ಬೀಗದ ಕೈ ಬಿಚ್ಚಿ, ಬಾಣಲೆಯ ಅಂಚಿನಲ್ಲಿ ಇಟ್ಟರು. ಅದು ಜರ್ರನೆ ಜಾರಿ ನನ್ನ ಪಾದಕ್ಕೆ ಬಂದು ತಗುಲಿತು.

"ಆಡಿದ ಮಾತಿಗೆ ತಪ್ಪೋನಲ್ಲ ನಾನು. ಯಂತ್ರ ಕದಲಿದೆ. ಶೆಡ್ಡು ನಿಮ್ಮದು, ಅಳಿಯಂದ್ರೇ." ಮಗಳ ಕಡೆ ತಿರುಗಿದರು. "ಈ ನಡುಮನೆ ಸರಿಯಾಗೋವರೆಗೂ ವಾಸವೂ ಅಲ್ಲೇ. ಹಾಸಿಗೆ ಇಳಿಸಮ್ಮ."

ಹೆಂಡತಿ ಬಾಣಲೆಯನ್ನು ಬಳಸಿಕೊಂಡು ಒಳಕೋಣೆಗೆ ಹೋದಳು. ನನ್ನ ಕಷ್ಟಸುಖಕ್ಕೆ ಇವಳಾದರೂ ಇದ್ದಾಳಲ್ಲ ಎಂದು ಕಣ್ಣು ಮಂಜಾಯಿತು. ಹಾಸಿಗೆ ಸುರುಳಿ ಸುತ್ತುವ ಸದ್ದಿನ ನಡುವೆ ಅವಳ ದನಿ ಕೇಳಿಸಿತು:

"ಇವರದೊಂದೇ ಇಳಿಸ್ತೀನಪ್ಪ. ನಂದು ಇಲ್ಲೇ ಇರಲಿ."