ನಡುಮನೆಯಲ್ಲಿ ಮಾಕಳಿದುರ್ಗದ ಗಾಡಿ

ಮನೆಯೊಳಗೆ ಪುಟ್ಟ ರೈಲು ಕಟ್ಟಿಕೊಂಡವನಿಗೆ ನಗೆಪಾಟಲು ತಪ್ಪಿದ್ದಲ್ಲ. ತಪ್ಪಿಸಿಕೊಳ್ಳಲು ನಾನು ನೋಡಿದವನೂ ಅಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಮೆಷಿನ್ ರಿಪೇರಿ ನನ್ನ ಕೆಲಸ. ಮಿಕ್ಕ ಹೊತ್ತೆಲ್ಲ ರೈಲು. ಮಾಕಳಿದುರ್ಗದ ಬೆಟ್ಟ, ಅದರ ಬುಡದಲ್ಲಿ ಬಳುಕುತ್ತಾ ಏರುವ ಹಳಿ, ಆ ಸಣ್ಣ ಸ್ಟೇಷನ್ನು, ಇಷ್ಟನ್ನೂ ಎಂಟಡಿ ಉದ್ದ ನಾಲ್ಕಡಿ ಅಗಲದ ಹಲಗೆಯ ಮೇಲೆ ತಂದೇ ತರುತ್ತೇನೆ ಅಂತ ಹಟ ಹಿಡಿದು ಕೂತೆ. ಹಲಗೆ ಬೇರೆಲ್ಲೂ ಹಿಡಿಸದೆ ನಡುಮನೆಗೇ ಬಂತು. ಬಂದವರೆಲ್ಲ "ಮೊಮ್ಮಗಂದಾ?" ಅಂತ ಕೇಳುತ್ತಾರೆ. ಮಗಳಿಗೇ ಇನ್ನೂ ಮದುವೆಯಾಗಿಲ್ಲ. "ಅಲ್ಲ, ನಂದೇ" ಅಂತೀನಿ. ಆಮೇಲೆ ಅವರು ನನ್ನ ಹೆಂಡತಿಯ ಕಡೆ ತಿರುಗಿ ಒಂಥರಾ ಅಯ್ಯೋ ಪಾಪ ಅನ್ನೋ ಹಾಗೆ ನೋಡುತ್ತಾರೆ.

ಸೀಗೆಪುಡಿ

ಅಂಗಡಿಯಿಂದ ಬಂದ ಗೂಡ್ಸ್ ಬೋಗಿಗಳು ಹೊಸ ಸ್ಟೀಲ್ ಪಾತ್ರೆಯ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ನಿಜವಾದ ಗೂಡ್ಸ್ ಗಾಡಿ ಎಲ್ಲಾದರೂ ಹಾಗಿರುತ್ತದೆಯೇ? ಇಟ್ಟಿಗೆ ಪುಡಿ, ಕಾಫಿ ಡಿಕಾಕ್ಷನ್ನು, ಮಗಳ ಕಾಡಿಗೆ ಬ್ರಷ್ಷು ಹಿಡಿದುಕೊಂಡು ಭಾನುವಾರಗಟ್ಟಲೆ ಕೂತು ಒಂದೊಂದು ಬೋಗಿಗೂ ತುಕ್ಕು, ಮಸಿ, ಎಣ್ಣೆಜಿಡ್ಡು ಎಲ್ಲ ಬಳಿದೆ. ಕೊನೆಗೆ ನನಗೇ ಮುಟ್ಟಲು ಹೇಸಿಗೆಯಾಗಬೇಕು, ಅಷ್ಟು ಚೆನ್ನಾಗಿ ಬಂತು.

ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಬೋಗಿಗಳೆಲ್ಲ ಹಿತ್ತಲಲ್ಲಿ ಮೊರದ ಮೇಲೆ ಬೋರಲು ಬಿದ್ದಿವೆ. ಪಕ್ಕದಲ್ಲಿ ಅಮ್ಮ, ಸೀರೆ ಎತ್ತಿಕಟ್ಟಿಕೊಂಡು ನಿಂತಿದ್ದಾರೆ.

"ಸೀಗೆಪುಡಿ ಹಾಕಿ ತಿಕ್ಕಿದೀನಿ ಕಣೋ. ಏನ್ ಕೊಳೆ! ಮನುಷ್ಯರು ಇಟ್ಕೊಳೋ ಸಾಮಾನಾ ಅದು?"

"ಅಮ್ಮಾ, ಆ ಕೊಳೆ ನಾನೇ ಬಳಿದಿದ್ದು. ಬೇಕೂಂತಲೇ."

ಅಮ್ಮ ನನ್ನನ್ನೇ ದಿಟ್ಟಿಸಿದರು. "ಚಿಕ್ಕೋನಿದ್ದಾಗಲೂ ಸ್ನಾನ ಅಂದ್ರೆ ಓಡ್ಹೋಗ್ತಿದ್ದೆ. ಆ ಬುದ್ಧಿ ಈಗ ರೈಲಿಗೂ ಕಲಿಸ್ತಿದೀಯಲ್ಲೋ!"

ಮರುದಿನವೇ ಮೊದಲ ಬೋಗಿಯಿಂದ ಮತ್ತೆ ಮಸಿ ಬಳಿಯಲು ಶುರು ಮಾಡಿದೆ. ಈ ಸಲ ಬೀರುವಿನ ಮೇಲೆ, ಅಮ್ಮನ ಕೈಗೆಟುಕದ ಎತ್ತರದಲ್ಲಿ.

ಟೇಪಿನ ಎರಡು ತುದಿ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ನೆಂಟರ ಮನೆಗೆ ಹೋಗಿದ್ದೆ. ದಾರಿಯಲ್ಲಿ ಒಂದು ಹಳೇ ಪಂಪ್‌ಸೆಟ್ ಮನೆ ಕಣ್ಣಿಗೆ ಬಿತ್ತು. ಹಳಿ ಪಕ್ಕ ಇಡಲು ಅಂಥದ್ದನ್ನೇ ಹುಡುಕುತ್ತಿದ್ದೆ. ಜೇಬಿನಿಂದ ಟೇಪು ತೆಗೆದು ಗೋಡೆ, ಬಾಗಿಲು ಅಳೆದೆ. ರಾಗಿ ಹೊಲದ ಬಣ್ಣ ಸರಿಯಾಗಿ ಸಿಗಲಿ ಅಂತ ನಾಲ್ಕಾರು ಫೋಟೋ ಹೊಡೆದೆ. ತಲೆಯೆತ್ತಿದರೆ ಸುತ್ತಲೂ ಜನ.

ಭೂಸ್ವಾಧೀನ ಬೇಡ ಅಂತ ವರ್ಷಗಟ್ಟಲೆ ಹೋರಾಡಿದ ಸೀಮೆ ಅದು. ಅಂಥಲ್ಲಿ ನಾನು ಟೇಪು ಹಿಡಿದು ನಿಂತಿದ್ದೆ.

"ಯಾವ ಆಫೀಸಿನೋರು?" ಹೆಗಲ ಮೇಲೆ ಟವೆಲ್ ಹಾಕಿದ್ದ ಹಿರಿಯರೊಬ್ಬರು ಕೇಳಿದರು.

"ಯಾವ ಆಫೀಸೂ ಇಲ್ಲ ಯಜಮಾನ್ರೇ. ರೈಲು ಮಾಡ್ತಿದೀನಿ, ಅದಕ್ಕೆ…"

"ರೈಲಾ!" ಜನ ಇನ್ನೂ ಹತ್ತಿರ ಬಂದರು.

"ಅಯ್ಯೋ, ಇಲ್ಲಿಗಲ್ಲ! ಆಟದ್ದು, ನಮ್ಮನೇಲಿ!" ಅಂತ ಫೋನಿನಲ್ಲಿದ್ದ ನನ್ನ ಬೆಟ್ಟ, ಹಳಿ, ಗಾಡಿ ತೋರಿಸಿದೆ. ಫೋನು ಎಲ್ಲರ ಕೈ ಸುತ್ತಿ, ನಗು ಎದ್ದಿತು. ಹಿರಿಯರು ಮಾತ್ರ ನಗಲಿಲ್ಲ.

"ಎಷ್ಟು ಜಾಗ ಬೇಕಾಗತ್ತೆ ಇದಕ್ಕೆ?"

"ಎಂಟಡಿಗೆ ನಾಲ್ಕಡಿ, ಅಷ್ಟೇ."

"ಶುರುವಿನಲ್ಲಿ ಎಲ್ರೂ ಅಷ್ಟೇ ಅಂತಾರಪ್ಪಾ. ಅಳ್ಕೋ, ಬೇಡ ಅನ್ನಲ್ಲ. ಆದ್ರೆ ಟೇಪಿನ ಆ ತುದಿ ನಾನ್ ಹಿಡ್ಕೋತೀನಿ."

ಏರು

ಬೆಟ್ಟ ಎದ್ದಿತು, ಹಳಿ ಬಿತ್ತು, ಗಾಡಿ ಮಾತ್ರ ಹತ್ತಲಿಲ್ಲ. ಅರ್ಧ ಏರಿ, ಚಕ್ರ ಗಿರಗಿರ ತಿರುಗಿ, ಮೆಲ್ಲಗೆ ಹಿಂದಕ್ಕೆ ಜಾರುತ್ತಿತ್ತು. ಇಂಜಿನ್ನಿನ ಹೊಟ್ಟೆಗೆ ಸೀಸ ತುಂಬಿದೆ. ಹಳಿ ಉಜ್ಜಿದೆ. ಬೆಟ್ಟವನ್ನೇ ಒಡೆದು ಇಳಿಜಾರು ತಗ್ಗಿಸಿ ಮತ್ತೆ ಕಟ್ಟಿದೆ.

ಪಕ್ಕದ ಮನೆಯ ಮಗ್ಗದ ಯಜಮಾನ ಕಾಫಿ ಕುಡಿಯುತ್ತಾ ನೋಡುತ್ತಿದ್ದ. "ಯಾಕ್ ಗುರು ಇಷ್ಟ್ ಒದ್ದಾಡ್ತೀಯಾ? ಮೇಲಿಂದ ಕೆಳಕ್ಕೆ ಮಾತ್ರ ಓಡ್ಸು."

"ಮೇಲಕ್ಕೆ ಹೋಗೋದು ಹೆಂಗೆ?"

"ಕೈಯಲ್ಲಿ ಎತ್ತಿಡು. ಯಾರ್ ನೋಡ್ತಾರೆ?"

ಅವತ್ತು ನನಗೆ ಊಟ ಸೇರಲಿಲ್ಲ. ಘಾಟಿಯಲ್ಲಿ ಭಾರದ ಗಾಡಿಗಳಿಗೆ ಹಿಂದಿನಿಂದ ತಳ್ಳಲು ಇನ್ನೊಂದು ಇಂಜಿನ್ ಕಟ್ಟುತ್ತಾರೆ. ನಾನೂ ಕಟ್ಟಿದೆ. ಎರಡಕ್ಕೂ ವೇಗ ಹೆಚ್ಚುಕಮ್ಮಿ ಮಾಡುವ ಬೇರೆ ಬೇರೆ ಗುಂಡಿ. ಹೆಂಡತಿಯನ್ನು ಕರೆದು, "ನಾನು ಎಳೀತೀನಿ, ನೀನು ತಳ್ಳು. ಮೆಲ್ಲಗೆ" ಅಂದೆ. ಅವಳು ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟಳು. ನಡುವಿನ ಬೋಗಿಗಳು ದೋಸೆಯ ಹಾಗೆ ಮಡಚಿ ಮೇಲೆದ್ದು ಕಣಿವೆಗೆ ಬಿದ್ದವು. ಎತ್ತಿಟ್ಟೆವು, ಮತ್ತೆ ಬಿದ್ದವು. ವಾರವೆಲ್ಲ ಇದೇ. ಕೊನೆಗೊಂದು ದಿನ ಇಬ್ಬರ ಕೈಯೂ ಹದವಾಗಿ ಕೂಡಿ ಗಾಡಿ ಏದುಸಿರಿಲ್ಲದೆ ನೆತ್ತಿ ಮುಟ್ಟಿತು.

"ನೋಡ್ದಾ! ಹತ್ತಿಸ್ಬಿಟ್ಟೆ!" ಅಂತ ಕುಣಿದೆ.

"ಮದುವೆ ಆದಾಗಿಂದ ನಾನು ಮಾಡ್ತಿರೋದು ಇದೇ ಕೆಲಸ," ಅಂದಳು. "ಗುಂಡಿ ಕೊಟ್ಟಿದ್ದು ಇವತ್ತು, ಅಷ್ಟೇ."

ಹುಡುಗಿ ನೋಡೋ ದಿನ

ಮಗಳನ್ನು ನೋಡಲು ನಮ್ಮ ತಾಲ್ಲೂಕಿನದೇ ಮಧುರೆಯಿಂದ ಬರುವವರಿದ್ದರು. ಒಳ್ಳೆ ಜನ, ತೋಟವಿದೆ, ಹುಡುಗನಿಗೆ ನೆಲಮಂಗಲದಲ್ಲಿ ಕೆಲಸ. ಫೋಟೋ ನೋಡಿ ಮಗಳು "ಪರ್ವಾಗಿಲ್ಲ" ಅಂದಿದ್ದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

"ಇವತ್ತೊಂದಿನ ರೈಲಿನ ಸುದ್ದಿ ಎತ್ಬೇಡಿ," ಅಂತ ಹೆಂಡತಿ ಕೈಮುಗಿದಳು. "ಹೆಣ್ಣಿನಪ್ಪನಿಗೆ ತಲೆ ನೆಟ್ಟಗಿಲ್ಲ ಅಂತ ಎದ್ದು ಹೋಗ್ತಾರೆ."

ಹಲಗೆಯ ಮೇಲೆ ದೊಡ್ಡ ಬೆಡ್‌ಶೀಟ್ ಹೊದಿಸಿದೆವು. ಬೆಟ್ಟ ಮಡಚದ ಬಟ್ಟೆಯ ರಾಶಿಯ ಹಾಗೆ ಕಂಡಿತು. ಹುಡುಗ, ಅವನ ಅಪ್ಪ ಅಮ್ಮ, ಸೋದರಮಾವ, ಕಣ್ಣು ಮಂಜಾದ ಅಜ್ಜಿ, ಎಲ್ಲ ಬಂದು ಕೂತರು. ಅಜ್ಜಿ ಆಸರೆಗೆ ಅಂತ ಬೆಡ್‌ಶೀಟಿನ ಅಂಚಿಗೇ ಕೈಯೂರಿದರು. ಸೋದರಮಾವ ಫೋನ್ ಚಾರ್ಜಿಗೆ ಹಾಕಲು ಗೋಡೆಯ ಸ್ವಿಚ್ ಒತ್ತಿದ. ಅದು ರೈಲಿನ ಸ್ವಿಚ್ಚು. ಬೆಳಿಗ್ಗೆ ಓಡಿಸಿದ ಮೇಲೆ ನಾನು ಗುಂಡಿಯನ್ನು ಹಿಂದಕ್ಕೆ ತಿರುಗಿಸಿರಲಿಲ್ಲ.

ಬಟ್ಟೆಯಡಿ ಗುರ್ರ್ ಅಂತ ಸದ್ದಾಯಿತು. ಉದ್ದನೆಯ ಉಬ್ಬೊಂದು ತೆವಳುತ್ತಾ ಬಂದು ಅಜ್ಜಿಯ ಅಂಗೈ ಕೆಳಗೇ ನುಸುಳಿತು.

"ಅಯ್ಯಯ್ಯೋ! ಹಾವು!"

ಸೋದರಮಾವ ಮಂಚ ಹತ್ತಿದ. ಹುಡುಗನ ಅಪ್ಪ ಪಂಚೆ ಎತ್ತಿ ಕುರ್ಚಿ ಹತ್ತಿದರು. ಹುಡುಗ ಧೈರ್ಯವಾಗಿ ಅವನಮ್ಮನ ಹಿಂದೆ ನಿಂತ. ಅಜ್ಜಿ ಕುರ್ಚಿಯ ಮೇಲೆ ಕಾಲು ಮಡಚಿ, ಎರಡೂ ಕಿವಿ ಮುಚ್ಚಿಕೊಂಡು ನಾಗಪ್ಪನನ್ನು ಕೂಗತೊಡಗಿದರು. ನನಗೆ ಬೇರೆ ದಾರಿ ಉಳಿಯಲಿಲ್ಲ. ಬೆಡ್‌ಶೀಟ್ ಎಳೆದೆ.

"ಹಾವಲ್ಲ. ರೈಲು. ನಂದೇ."

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಹುಡುಗ ಮೆಲ್ಲಗೆ ಮುಂದೆ ಬಂದು ಬಗ್ಗಿ ನೋಡಿದ. "ಮಾಕಳಿದುರ್ಗ ಅಲ್ವಾ ಅಂಕಲ್? ಒಂದ್ಸಲ ಓಡಿಸ್ಲಾ?"

ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಅವನು ಗುಂಡಿ ತಿರುಗಿಸಿದ. ತಿರುವಿನಲ್ಲಿ ಮೂರು ಬೋಗಿ ಮಗುಚಿದವು. ಆಗಷ್ಟೇ ಕಾಫಿ ತಟ್ಟೆ ಹಿಡಿದು ಬಂದ ಮಗಳಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ತಟ್ಟೆಯನ್ನು ಹುಡುಗನ ಕೈಗೇ ಕೊಟ್ಟು, "ತಿರುವಲ್ಲಿ ಹಂಗೆ ನುಗ್ಗಿಸ್ಬಾರ್ದು, ಸರೀರಿ" ಅಂತ ಸೆರಗು ಸಿಕ್ಕಿಸಿ ಬೋಗಿ ಎತ್ತಿಟ್ಟು, ಮುಂದಿನ ಇಂಜಿನ್ನಿನ ಗುಂಡಿ ತಾನೇ ಹಿಡಿದಳು. ಹಿಂದಿನ ಇಂಜಿನ್ನಿನ ಗುಂಡಿಗೆ ಹೆಂಡತಿ ತಾನಾಗಿಯೇ ಬಂದು ನಿಂತಳು. ಗಾಡಿ ಬೆಟ್ಟ ಹತ್ತತೊಡಗಿತು. ಕುರ್ಚಿ, ಮಂಚ ಇಳಿದು ಎಲ್ಲರೂ ಸುತ್ತ ಸೇರಿದರು. ಹುಡುಗ ಮಾತ್ರ ತಟ್ಟೆ ಹಿಡಿದು ರೈಲು ಬಿಟ್ಟು ಮಗಳನ್ನೇ ನೋಡುತ್ತಿದ್ದ.

ಅಜ್ಜಿ ಒಂದು ಕಿವಿಯಿಂದ ಕೈ ತೆಗೆದರು. "ಓಡಿಸಿದ್ರೇನೋ?"

"ಓಡಿಸ್ತಾ ಇದಾಳೆ ಅಜ್ಜಿ," ಅಂದ ಹುಡುಗ.

"ಯಾರು?"

"ಹುಡುಗೀನೇ!"

ಅಜ್ಜಿ ಕಾಲು ಕೆಳಗಿಳಿಸಿ ನೆಟ್ಟಗೆ ಕೂತರು. "ಮತ್ತಿನ್ನೇನ್ ನೋಡ್ತಾ ಕೂತಿದೀರಾ? ತಾಂಬೂಲ ಬದಲಾಯಿಸ್ಕೊಳ್ಳಿ. ನಮ್ ತೋಟದ್ ಮನೇಲಿ ಹಾವಿನ ಕಾಟ ಜಾಸ್ತಿ."