ಶ್ರೀ ಯಾರೂ ಅಲ್ಲ ಇವರ ನೇಮಕಾತಿ

ಸಿಂಧನೂರಿನ ಕಾಲುವೆ ನೀರು ಸರದಿ ಕಚೇರಿಗೆ 1998ರಲ್ಲಿ ಕಂಪ್ಯೂಟರ್ ಬಂದ ಪ್ರಯುಕ್ತ, ಗೋಡೆಯ ಕರಿಹಲಗೆಯನ್ನು ಆಡಳಿತದ ಹಿತದೃಷ್ಟಿಯಿಂದ ಅಳಿಸಿ ಸುಣ್ಣ ಬಳಿಯಲಾಯಿತು. ಯಾವ ಊರಿಗೆ ಯಾವತ್ತು ನೀರು ಎಂಬುದನ್ನು ರೈತರು ಇನ್ನು ಅಂತರ್ಜಾಲದಲ್ಲೇ ನೋಡತಕ್ಕದ್ದು ಎಂಬ ಪ್ರಕಟಣೆಯೂ ಹೊರಟಿತು. ಆದರೆ ಪರದೆಯ ಮೇಲೆ ಬರುತ್ತಿದ್ದುದು ಒಂದೇ ಸಾಲು: ಕಡತ ಓದಲು ಅನುಮತಿ ಇಲ್ಲ.

ಅಧಿಕಾರಿ ಕರಿಬಸಪ್ಪನವರು ರಾಯಚೂರಿನಿಂದ ಕಂಪ್ಯೂಟರ್ ರಿಪೇರಿಯ ಜಿಲಾನಿಸಾಬನನ್ನು ಕರೆಸಿದರು. ಅವನು ಮಧ್ಯಾಹ್ನದೊಳಗೆ ತಪ್ಪು ಹಿಡಿದ.

"ಸಾಹೇಬ್ರ, ಸರದಿ ಪಟ್ಟಿ ನಿಮ್ಮ ಹೆಸರಿಗೆ ಐತಿ. ನೀವು ಕೇಳಿದ್ರ ತೆರೀತೈತಿ. ಹೊರಗಿನ ಮಂದಿ ಕೇಳಿದಾಗ ಯಂತ್ರ ನೋಬಡಿ ಅನ್ನೋ ಹೆಸರಿನ್ಯಾಗ ಹೋಗಿ ಕೇಳ್ತೈತಿ. ಆ ಹೆಸರಿಗೂ ಓದಾಕ ಅನುಮತಿ ಬೇಕು. ಒಂದು ಸಾಲು ಟೈಪ್ ಮಾಡಿದ್ರ ಮುಗೀತು."

"ನೋಬಡಿ ಅಂದ್ರ ಯಾರು?"

"ಯಾರೂ ಅಲ್ರಿ."

"ಯಾರೂ ಅಲ್ಲದವಗ ಸರ್ಕಾರಿ ಕಡತ ಹೆಂಗ ಕೊಡ್ಲಿ? ಮೊದಲು ಅವ ನೌಕರ ಆಗಬೇಕು. ಅಲ್ಲಿತನಕ ನೀ ಲಾಡ್ಜಿನ್ಯಾಗ ಇರು, ದಿನಭತ್ಯೆ ಐತಿ."

ಭತ್ಯೆಯ ಸುದ್ದಿ ಕೇಳಿದ ಮೇಲೆ ಜಿಲಾನಿಸಾಬ್ ಆ ಒಂದು ಸಾಲು ಟೈಪ್ ಮಾಡುವ ಮಾತನ್ನೇ ಎತ್ತಲಿಲ್ಲ.

ಇತ್ತ ತುರ್ವಿಹಾಳದ ಗದ್ದೆಮ್ಮನ ಭತ್ತದ ಸಸಿ ಹಳದಿಗೆ ತಿರುಗಿತ್ತು. ಅವಳು ಬಸ್ಸು ಹತ್ತಿ ಕಚೇರಿಗೆ ಬಂದಳು.

"ನಮ್ಮೂರ ಸರದಿ ಯಾವತ್ತರೀ? ನಿಮಗ ಕಾಣ್ತೈತಂತಲ್ಲ, ಓದಿ ಹೇಳ್ರಿ."

"ನನಗ ಓದಾಕ ಅನುಮತಿ ಐತಿ, ತಾಯಿ. ಹೇಳಾಕ ಇಲ್ಲ," ಎಂದು ಕರಿಬಸಪ್ಪನವರು ಅತ್ಯಂತ ಸಂಕಟದಿಂದ ತಿಳಿಸಿದರು.

ಮೇಲಿನ ಕಚೇರಿಯು ಅವರ ನಿಷ್ಠೆಯನ್ನು ಮೆಚ್ಚಿ, ಶ್ರೀ ಯಾರೂ ಅಲ್ಲ ಇವರನ್ನು ತಾತ್ಕಾಲಿಕ ಓದುಗರ ಹುದ್ದೆಗೆ ನೇಮಿಸಿತು. ದೇಹ ತಪಾಸಣೆ ಮಾಡಿದ ವೈದ್ಯರು ಯಾವ ರೋಗವೂ ಕಂಡುಬಂದಿಲ್ಲವೆಂದು ಬರೆದರು. ನಡತೆಯ ಬಗ್ಗೆ ಊರಿನಲ್ಲಿ ವಿಚಾರಿಸಲಾಗಿ, ಯಾರೂ ಕೆಟ್ಟದ್ದು ಹೇಳಲಿಲ್ಲ. ಅವರಿಗೊಂದು ಕುರ್ಚಿಯೂ ಮಂಜೂರಾಯಿತು. ಜಿಲಾನಿಸಾಬ್ ಆ ಸಾಲು ಟೈಪ್ ಮಾಡಿ, ಭತ್ಯೆ ಪಡೆದು ಊರಿಗೆ ಹೋದ.

ಪಟ್ಟಿ ತೆರೆಯಿತು. ತುರ್ವಿಹಾಳದ ಸರದಿ ಹಿಂದಿನ ವಾರವೇ ಮುಗಿದಿತ್ತು. ಗದ್ದೆಮ್ಮನ ಸಸಿ ದನಕ್ಕೆ ಮೇವಾಯಿತು. ಅವಳು ಅರ್ಜಿ ಕೊಟ್ಟಳು; ವಿಚಾರಣೆ ನಡೆಯಿತು. ವಿಳಂಬಕ್ಕೆ ಶ್ರೀ ಯಾರೂ ಅಲ್ಲ ಇವರೇ ಹೊಣೆಯೆಂದು ಸಾಬೀತಾಗಿ, ಶಿಕ್ಷೆಯ ರೂಪದಲ್ಲಿ ಅವರನ್ನು ಲಿಂಗಸುಗೂರಿಗೆ ವರ್ಗಾಯಿಸಲಾಯಿತು. ಅಲ್ಲಿ ಹಿರಿಯ ಅಧಿಕಾರಿಗಳ ಕೊರತೆ ಇದ್ದುದರಿಂದ ಪರಿಹಾರ ವಿಭಾಗದ ಮುಖ್ಯಸ್ಥರ ಸ್ಥಾನವೇ ಸಿಕ್ಕಿತು.

ಗದ್ದೆಮ್ಮ ಪರಿಹಾರ ಕೇಳಲು ಲಿಂಗಸುಗೂರಿಗೂ ಹೋದಳು. ಬಾಗಿಲಲ್ಲಿ ಜವಾನ ಅಮೀನ್‌ಸಾಬ್ ನಿಂತಿದ್ದ.

"ಸಾಹೇಬ್ರು ಬಂದಾರೇನಪಾ?"

"ಹತ್ತಕ್ಕ ಬಂದು ಕುಂತಾರ. ಸಾವಕಾಶ ಮಾತಾಡ್ರಿ."

ಅವಳು ಒಳಗೆ ಹೋಗಿ ಖಾಲಿ ಕುರ್ಚಿಯ ಎದುರು ನಿಂತು, ಬೆಳೆಯ ಕಥೆಯನ್ನೆಲ್ಲ ಕೊನೆತನಕ ಹೇಳಿದಳು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಏನಂದ್ರು?" ಎಂದ ಅಮೀನ್‌ಸಾಬ್.

"ಇಲ್ಲ ಅನ್ನಲಿಲ್ಲಪಾ," ಎಂದಳು ಗದ್ದೆಮ್ಮ. "ಮುಂದಿನ ವಾರ ಬರ್ತೀನಿ."