ಎಡಕ್ಕೆ ಮಾತ್ರ ಲೈಸೆನ್ಸು

ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ರಸ್ತೆಯಲ್ಲಿ, ಕೊತ್ತಗುಂಟೆ ಗೇಟ್ ಬಳಿ ಇರುವ ಚಾಲನಾ ಪರೀಕ್ಷಾ ಮೈದಾನವನ್ನು ಸರ್ಕಾರವು ರಾಗಿ ಒಕ್ಕುವುದಕ್ಕಾಗಿ ಕಟ್ಟಿಸಿದ್ದಲ್ಲ. ಈ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಐದು ಊರಿಗೆ ಸಿಮೆಂಟು ಹಾಕಿದ ಸಮತಟ್ಟು ಜಾಗ ಅದೊಂದೇ. ಆದ್ದರಿಂದ ಜನವರಿಯ ಒಂದು ಶುಕ್ರವಾರ ಮುನಿಯಲ್ಲಪ್ಪ ಎಂಬ ರೈತರು ತಮ್ಮ ಎರಡು ಎಕರೆಯ ರಾಗಿ ತೆನೆಯನ್ನು ಅದರ ಮೇಲೆ ಹರಡಿದರು. ಪರೀಕ್ಷೆಯಲ್ಲಿ ಗಾಡಿ ಸುತ್ತಬೇಕೆಂದು ಬಿಳಿ ಬಣ್ಣದಲ್ಲಿ ಬರೆದಿದ್ದ ಎಂಟರ ಗುರುತು ಹುಲ್ಲಿನಡಿ ಸೇರಿತು.

ಮಾರನೆಯ ದಿನ ಪರೀಕ್ಷೆ. ಬಾಕಿ ಅರ್ಜಿಗಳು ನೂರ ಹನ್ನೆರಡು. ಸೋಮವಾರದೊಳಗೆ ಬಾಕಿ ಸೊನ್ನೆಯಾಗಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು.

ಆ ನೂರ ಹನ್ನೆರಡರಲ್ಲಿ ಭಾರತಮ್ಮನವರದೂ ಒಂದು. ವಯಸ್ಸು ಐವತ್ತಮೂರು. ಒಂದೂವರೆ ಎಕರೆ ಹಿಪ್ಪುನೇರಳೆ, ಹುಳು ಸಾಕುವ ಮನೆ, ತಾವೇ ದುಡಿದು ಕೊಂಡ ಸಣ್ಣ ಟೆಂಪೊ. ಟೆಂಪೊ ಓಡಿಸುತ್ತಿದ್ದವನು ಅಕ್ಕನ ಮಗ ವೆಂಕಟ್. ರೇಷ್ಮೆಗೂಡು ಮಾರುಕಟ್ಟೆಗೆ ಹೊರಡುವ ದಿನವೆಲ್ಲ ಅವನಿಗೆ ತಲೆನೋವು.

"ಗಾಡಿ ನಂದು, ಡೀಸೆಲ್ ನಂದು, ಹುಳ ನಂದು. ತಲೆ ಮಾತ್ರ ಅವಂದು!" ಎಂದು ಭಾರತಮ್ಮ ಕಲಿಕಾ ಲೈಸೆನ್ಸು ಮಾಡಿಸಿದ್ದರು. ಅದರ ಅವಧಿ ಶನಿವಾರ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಮುಗಿದರೆ ಮತ್ತೆ ಮೊದಲಿಂದ ಅರ್ಜಿ. ಈ ಸಲದ ಗೂಡು ಹೊರಡುವುದಕ್ಕೆ ಇದ್ದದ್ದು ಹತ್ತೇ ದಿನ. ಹುಳುಗಳಿಗೆ ಸುತ್ತೋಲೆ ಅನ್ವಯಿಸುವುದಿಲ್ಲ.

ಡ್ರೈವಿಂಗ್ ಸ್ಕೂಲಿನ ಕದಿರೇಶ ಅವರು ಇಪ್ಪತ್ತೊಂದು ದಿನದ ತರಬೇತಿಯನ್ನು ನಾಲ್ಕು ದಿನಕ್ಕೆ ಇಳಿಸಿದ್ದರು. ಮೊದಲ ದಿನ ಕ್ಲಚ್ಚು, ಎರಡನೇ ದಿನ ಬ್ರೇಕು, ಮೂರನೇ ದಿನ ಎರಡೂ. ನಾಲ್ಕನೇ ದಿನ ಚಕ್ರದಡಿ ನಿಂಬೆಹಣ್ಣು.

"ಸ್ಟೇರಿಂಗು ಯಾವತ್ತಪ್ಪಾ?"

"ಅದು ಲೈಸೆನ್ಸ್ ಬಂದ್ಮೇಲೆ ತಾನಾಗೇ ಬರುತ್ತೆ, ಭಾರತಮ್ಮೋರೇ."

ಶನಿವಾರ ಇನ್‌ಸ್ಪೆಕ್ಟರ್ ಅನಿಲ್‌ಕುಮಾರ್ ಬಂದು ರಾಗಿ ನೋಡಿದರು, ನಂತರ ನಿಯಮದ ಪುಸ್ತಕ ನೋಡಿದರು. ಮೈದಾನ ತೆರವು ಮಾಡಿಸಲು ಏಳು ದಿನದ ನೋಟಿಸು ಬೇಕಿತ್ತು. ಪರೀಕ್ಷೆ ಮುಂದೂಡಲು ಮೂರು ಕಚೇರಿಗಳ ಅನುಮತಿ ಬೇಕಿತ್ತು. ಪರೀಕ್ಷೆ ನಡೆಸಲು ಮಾತ್ರ ಏನೂ ಬೇಕಿರಲಿಲ್ಲ.

"ಎಂಟೇ ಕಾಣ್ತಿಲ್ವಲ್ರೀ. ಪಾಸು ಫೇಲು ಹೇಗ್ರೀ ಹೇಳೋದು?"

ಮುನಿಯಲ್ಲಪ್ಪ ಕವೆಗೋಲಿಗೆ ಒರಗಿಕೊಂಡರು. "ಅದೇನ್ ಕಷ್ಟ ಸಾರ್? ಕಾಳು ಉದುರಿದ್ರೆ ಪಾಸು. ಉದುರ್ದಿದ್ರೆ ಫೇಲು."

ಹತ್ತು ನಿಮಿಷದಲ್ಲಿ ಗೇಟಿಗೆ ಪ್ರಕಟಣೆ ಅಂಟಿಸಲಾಯಿತು:

"ಅಭ್ಯರ್ಥಿಗಳು ರಾಗಿಯ ಮೇಲೆ ಎಡಕ್ಕೆ ತಿರುಗುತ್ತ ಆರು ಸುತ್ತು ಹಾಕತಕ್ಕದ್ದು. ಬಲಕ್ಕೆ ತಿರುಗಿದರೆ ಹುಲ್ಲು ಸಿಕ್ಕಾಗುವುದರಿಂದ ಬಲ ತಿರುವನ್ನು ಕೈಬಿಡಲಾಗಿದೆ. ಎತ್ತುಗಳು ಹಿಂದಕ್ಕೆ ನಡೆದು ಒಕ್ಕುವ ಪದ್ಧತಿ ಇಲ್ಲವಾದ್ದರಿಂದ ರಿವರ್ಸಿಗೂ ವಿನಾಯಿತಿ ಇದೆ. ತಾಂತ್ರಿಕ ತಜ್ಞರು: ಶ್ರೀ ಮುನಿಯಲ್ಲಪ್ಪ."

ಮೊದಲ ಅಭ್ಯರ್ಥಿ ಕದಿರೇಶ ಅವರೇ. ಹದಿನೆಂಟು ವರ್ಷದಿಂದ ಕಲಿಸುತ್ತಿದ್ದ ಅವರ ಸ್ವಂತ ಲೈಸೆನ್ಸು ತೀರಿಹೋಗಿ ಬಹಳ ದಿನವಾಗಿತ್ತು. ಅವರು ಜೋರಾಗಿ, ಬಲು ಚೆಂದವಾಗಿ ಸುತ್ತು ಹಾಕಿದರು. ಹುಲ್ಲೆಲ್ಲ ಬೇಲಿಗೆ ಹಾರಿತು.

ಮುನಿಯಲ್ಲಪ್ಪ ಒಂದು ತೆನೆ ಎತ್ತಿ ನೋಡಿದರು. ಕಾಳೆಲ್ಲ ತೆನೆಯಲ್ಲೇ ಕೂತಿತ್ತು. "ಏನ್ಲಾ, ಬೆದರಿದ್ ಎತ್ತಿನಂಗೆ ಓಡಿಸ್ತೀಯ? ಫೇಲು ಬರ್ಕೊಳ್ಳಿ ಸಾರ್."

ಭಾರತಮ್ಮನವರ ಸರದಿ ಬಂದಾಗ ನಾಲ್ಕೂ ಇಪ್ಪತ್ತು. ಟೆಂಪೊ ಎರಡು ಸಲ ಆಫ್ ಆಯಿತು. ಮೂರನೇ ಸಲಕ್ಕೆ ಅವರು ಕ್ಲಚ್ಚಿನ ಯೋಚನೆ ಬಿಟ್ಟು ಎದುರಿಗೆ ನೋಡಿದರು. ಅಲ್ಲಿದ್ದದ್ದು ಪರೀಕ್ಷೆಯಲ್ಲ, ಕಣ. ಎಂಟನೇ ವಯಸ್ಸಿನಿಂದ ಎತ್ತಿನ ಹಿಂದೆ ಸುತ್ತಿದ ಕಣ. ಚಪ್ಪಲಿ ಬಿಟ್ಟರು. "ಹೋ... ಹೋ..." ಎಂದು ಟೆಂಪೊಗೆ ಹೇಳುತ್ತ, ಸುತ್ತಿಗೊಂದು ಚಕ್ರದಗಲ ಒಳಕ್ಕೆ ಸರಿಯುತ್ತ, ಒಂದು ತೆನೆಯನ್ನೂ ಬಿಡದೆ ತುಳಿಸಿದರು. ಆರನೇ ಸುತ್ತಿಗೆ ನಿಲ್ಲಿಸಹೊರಟರೆ ಮುನಿಯಲ್ಲಪ್ಪ ಕೂಗಿಕೊಂಡರು: "ನಿಲ್ಲಿಸ್ಬೇಡಮ್ಮಾ ತಾಯೀ, ಇನ್ನೊಂದ್ ನಾಲ್ಕು ಹಾಕು!"

ಹತ್ತನೆಯದು ಮುಗಿದ ಮೇಲೆ ಮುನಿಯಲ್ಲಪ್ಪ ಒಂದು ಹಿಡಿ ಬಾಚಿ ಊದಿದರು. ಹೊಟ್ಟು ಹಾರಿತು, ಅಂಗೈಯಲ್ಲಿ ಕೆಂಪನೆಯ ರಾಗಿ ಉಳಿಯಿತು.

"ಇದು ಡ್ರೈವಿಂಗು."

ಇನ್‌ಸ್ಪೆಕ್ಟರ್ ಐದಕ್ಕೆ ಎಂಟು ನಿಮಿಷವಿದ್ದಾಗ, ಬಲ ತಿರುವಿನ ಪರೀಕ್ಷೆ ಆಗಿಲ್ಲವಾದ್ದರಿಂದ ಲೈಸೆನ್ಸಿನ ಮೇಲೆ 'ಎಡಕ್ಕೆ ಮಾತ್ರ' ಎಂದು ಬರೆದು ಸಹಿ ಹಾಕಿದರು.

ಭಾರತಮ್ಮನವರ ಮನೆಯಿಂದ ಶ್ರೀನಿವಾಸಪುರದ ಗೂಡಿನ ಮಾರುಕಟ್ಟೆ ಬಲಕ್ಕೆ ಆರು ಕಿಲೋಮೀಟರು. ಹತ್ತನೇ ದಿನ ಕೋಳಿ ಕೂಗುವಾಗ ಅವರು ಗೂಡು ತುಂಬಿಕೊಂಡು ಎಡಕ್ಕೆ ಹೊರಟರು. ಕೋಲಾರದಲ್ಲಿ ಎಡಕ್ಕೆ ತಿರುಗಿ ಮುಳಬಾಗಿಲು, ಮುಳಬಾಗಿಲಲ್ಲಿ ಎಡಕ್ಕೆ ತಿರುಗಿ ಶ್ರೀನಿವಾಸಪುರ. ಒಟ್ಟು ಎಂಬತ್ತು ಚಿಲ್ಲರೆ ಕಿಲೋಮೀಟರು.

"ಚಿಕ್ಕಮ್ಮಾ, ಕೋಲಾರದಲ್ಲೇ ಮಾರ್ಕೆಟ್ ಇತ್ತಲ್ಲ?" ಎಂದ, ಪಕ್ಕದಲ್ಲಿ ಕೂತಿದ್ದ ವೆಂಕಟ್.

"ಅದು ಬಲಕ್ಕೆ ಬರುತ್ತೆ ಕಣೋ."

"ಒಂದೇ ಒಂದ್ಸಲ ನಾನು ತಿರುಗಿಸ್ಲಾ?"

"ಬೇಡಪ್ಪಾ. ನಿಂಗೆ ತಲೆನೋವು. ಸುಮ್ನೆ ಕೂತ್ಕೋ."

ಹರಾಜಿಗೆ ಕಾಲು ಗಂಟೆ ಮುಂಚೆಯೇ ಗೂಡು ಮಾರುಕಟ್ಟೆಯಲ್ಲಿತ್ತು.

ಈಗ ಆ ಶನಿವಾರ ಪಾಸಾದವರೆಲ್ಲ ಇದೇ ದಾರಿಯಲ್ಲಿ ಓಡಾಡುತ್ತಾರೆ. ರಸ್ತೆಯ ಬಲಕ್ಕಿದ್ದ ಟೀ ಅಂಗಡಿ ಎಡಕ್ಕೆ ಬಂದಿದೆ. ಕದಿರೇಶ ಅವರು ಸ್ಕೂಲಿಗೆ ಒಂದು ಜೊತೆ ಎತ್ತು ತಂದಿದ್ದಾರೆ. ಬಾಕಿ ಸೊನ್ನೆ ಎಂದು ಕಚೇರಿಯು ವರದಿ ಕಳಿಸಿದೆ. ಬಲ ತಿರುವಿನ ಪರೀಕ್ಷೆಯನ್ನು ಹುರುಳಿ ಒಕ್ಕಣೆಗೆ ನಿಗದಿಪಡಿಸಲಾಗಿದ್ದು, ಹುರುಳಿಯನ್ನು ಅಭ್ಯರ್ಥಿಗಳೇ ತರತಕ್ಕದ್ದು.

ಭಾರತಮ್ಮ ಅರ್ಜಿ ಹಾಕಿಲ್ಲ.

"ಹೋಗ್ಬೇಕಾದ ಊರೆಲ್ಲ ಎಡಕ್ಕೇ ಸಿಗುತ್ತೆ," ಎನ್ನುತ್ತಾರೆ ಅವರು. "ಸ್ವಲ್ಪ ಬೇಗ ಹೊರಡ್ಬೇಕು, ಅಷ್ಟೆ."